ಕಪ್ಪು ರಾಕು ಬಟ್ಟಲು: ನನ್ನ ಅನುಭವ

ರಾಕು ಅಂದರೆ ಜಪಾನಿನಲ್ಲಿ ಚಹಾ ಕುಡಿಯಲು ಮಾಡುವ ಒಂದು ಬಗೆಯ ಮಣ್ಣಿನ ಬಟ್ಟಲು. ಇದಕ್ಕೆ ತಿಗರಿ ಬೇಡ, ಕೈ ಸಾಕು. 16ನೇ ಶತಮಾನದ ಕೊನೆಯಲ್ಲಿ ಕ್ಯೋಟೋದ ಕುಂಬಾರ ಚೋಜಿರೋ, ಚಹಾ ಗುರು ಸೆನ್ ನೋ ರಿಕ್ಯೂ ಅವರಿಗೆ ಮಾಡಿಕೊಟ್ಟ ಬಟ್ಟಲುಗಳಿಂದ ಶುರುವಾದ ಪದ್ಧತಿ ಇದು. ಕ್ಯೋಟೋದಲ್ಲಿ ಕೆಲಸಕ್ಕಿದ್ದಾಗ ರಜೆ ದಿನಗಳಲ್ಲಿ ಹೋಗಿ ಕಲಿತೆ.

ಮೊದಲು ಮಣ್ಣಿನ ಉಂಡೆಯನ್ನು ಜೋಳದ ರೊಟ್ಟಿಯ ಹಾಗೆ ತಟ್ಟುತ್ತೇವೆ, ದಪ್ಪ ಮಾತ್ರ ಜಾಸ್ತಿ. ಆಮೇಲೆ ಅಂಚನ್ನು ಅಂಗೈಗಳ ನಡುವೆ ಒತ್ತುತ್ತಾ ಮೇಲಕ್ಕೆ ತರಬೇಕು. ಅರ್ಧ ಒಣಗಲು ಬಿಟ್ಟು ಕೆತ್ತಲು ಕೂರುತ್ತೇವೆ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಒಳಭಾಗ. ಬಿದಿರಿನ ಕಡಗೋಲು ತಡೆಯಿಲ್ಲದೆ ಓಡಾಡಬೇಕು, ಇಲ್ಲದಿದ್ದರೆ ಮಾಚಾ (ನೀರಲ್ಲಿ ಕಡೆದು ಕುಡಿಯುವ ಹಸಿರು ಚಹಾ ಪುಡಿ) ನೊರೆ ಏಳುವುದಿಲ್ಲ. ಕೊನೆಯ ಗುಟುಕು ನಿಲ್ಲಲು ತಳದಲ್ಲಿ ಸಣ್ಣ ಗುಳಿ ಬೇಕು. ಗೋಡೆ ತೀರಾ ತೆಳುವಾದರೆ ಕೈ ಸುಡುತ್ತದೆ, ದಪ್ಪವಾದರೆ ಎತ್ತಲು ಭಾರ. ಬಾಯಿಯ ಅಂಚನ್ನು ಬೇಕೆಂದೇ ಸ್ವಲ್ಪ ಏರಿಳಿತವಾಗಿ ಬಿಡುತ್ತಾರೆ. ಹೊರಗಿನ ಅಂದವನ್ನು ಕೊನೆಗೆ ನೋಡಿಕೊಂಡರಾಯಿತು ಅನ್ನುವುದು ನನ್ನ ಅಭಿಪ್ರಾಯ.

ಮೆರುಗಿಗೆ, ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಲೇಪಕ್ಕೆ, ಹಿಂದಿನಿಂದ ಬಳಸುವುದು ಕ್ಯೋಟೋದ ಕಾಮೋ ನದಿಯ ಕಲ್ಲಿನ ಪುಡಿ, ಅದರಲ್ಲಿ ಕಬ್ಬಿಣದ ಅಂಶವಿದೆ. ಕುಂಚದಲ್ಲಿ ಒಂದು ಪದರ ಬಳಿದು, ಅದು ಒಣಗಿದ ಮೇಲೆ ಇನ್ನೊಂದು, ಹೀಗೆ ಹಲವು ಸಲ. ಚೋಜಿರೋ ಪರಂಪರೆಯ ರಾಕು ಮನೆತನದಲ್ಲಿ ಇದ್ದಿಲು, ತಿದಿ ಬಳಸಿ ಕಪ್ಪು ಬಟ್ಟಲನ್ನು ಒಂದೊಂದಾಗಿ ಸುಡುತ್ತಾರೆ. ನಾವು ಬಳಸಿದ್ದು ಗ್ಯಾಸಿನ ಸಣ್ಣ ಗೂಡು. ಶಾಖ ಸುಮಾರು 1200 ಡಿಗ್ರಿ ಮುಟ್ಟಿ ಮೆರುಗು ಕರಗಿ ಹೊಳೆಯುವಾಗಲೇ ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆಯಬೇಕು. ಕೆಂಡದಂತಿದ್ದ ಬಟ್ಟಲು ಗಾಳಿಗೆ ಬೇಗ ಆರಿದರೆ ಕಪ್ಪಾಗುತ್ತದೆ. ಗೂಡಿನಲ್ಲೇ ನಿಧಾನವಾಗಿ ಆರಲು ಬಿಟ್ಟರೆ ಕಂದು ಬಣ್ಣವೇ. ಇಕ್ಕಳ ಹಿಡಿದ ಕಡೆ ಗುರುತು ಉಳಿಯುತ್ತದೆ. ಅದನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ಅದೂ ಅಲಂಕಾರವೇ. (ಮರದ ಪುಡಿಯಲ್ಲಿ ಮುಚ್ಚಿ ಹೊಗೆ ಹಿಡಿಸುವುದೇ ರಾಕು ಅಂತ ಹಲವರು ಅಂದುಕೊಂಡಿದ್ದಾರೆ, ಅಲ್ವಾ? ಅದು 1960ರ ನಂತರ ಅಮೆರಿಕದಲ್ಲಿ ಪಾಲ್ ಸೋಲ್ಡ್ನರ್ ಮತ್ತಿತರರು ಬೆಳೆಸಿದ ದಾರಿ.)

ಚಿತ್ರ ಬೇಕೆನ್ನುವವರಿಗೆ ಜಪಾನಿನ ಮೀನೋ ಪ್ರದೇಶದ ಶಿನೋ, ಓರಿಬೆ ಎಂಬ ಎರಡು ಬಗೆಯ ಬಟ್ಟಲುಗಳಿವೆ. ಶಿನೋದಲ್ಲಿ ಬಿಳಿ ಮೆರುಗಿನ ಕೆಳಗೆ ಕಬ್ಬಿಣದ ಬಣ್ಣದಲ್ಲಿ ಎಳೆದ ಹುಲ್ಲಿನ ಗೆರೆಗಳು, ಓರಿಬೆಯಲ್ಲಿ ತಾಮ್ರದ ಹಸಿರು. ಎರಡೂ ಚಂದವೇ. ಆದರೆ ಕಪ್ಪಿನೊಳಗೆ ಮಾಚಾದ ಹಸಿರು ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ನೀವೂ ಒಂದು ಕೊಂಡರೆ ಬಳಸುವ ಮುನ್ನ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ. ಈ ಮಣ್ಣು ನೀರು ಹೀರುತ್ತದೆ, ಒಣ ಬಟ್ಟಲಿಗೆ ಚಹಾದ ಕಲೆ ಬೇಗ ಹಿಡಿಯುತ್ತದೆ. ಸೋಪು ಬೇಡ. ತೊಳೆದ ಮೇಲೆ ಪೂರ್ತಿ ಒಣಗುವವರೆಗೆ ಡಬ್ಬಿಯಲ್ಲಿಡಬೇಡಿ, ಬೂಸ್ಟು ಬರುತ್ತದೆ.