ತಾಯಿಯ ರಕ್ತ, ಕೂಸಿನ ತೂಕ: ಮೆಟಬಾಲೈಟ್ ಅಧ್ಯಯನ ನಡೆಸುವುದು ಹೇಗೆ?

ಹೊಟ್ಟೆಯಲ್ಲಿರುವ ಕೂಸಿಗೆ ಬೇಕಾದದ್ದೆಲ್ಲ ತಾಯಿಯ ರಕ್ತದಿಂದಲೇ ಸಿಗಬೇಕು. ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬಿನಾಮ್ಲಗಳಂಥ ಸಣ್ಣ ಅಣುಗಳು ಮಾಸನ್ನು ದಾಟಿ ಮಗುವಿನ ಮೈ ಸೇರುತ್ತವೆ. ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ಹುಟ್ಟಿ ಕರಗುವ ಇಂಥ ಅಣುಗಳೇ ಮೆಟಬಾಲೈಟ್‌ಗಳು. ಇವುಗಳ ಏರುಪೇರು ಕೂಸನ್ನು ನೇರವಾಗಿ ತಟ್ಟುತ್ತದೆ ಎಂಬುದಕ್ಕೆ ತೀರಾ ಸ್ಪಷ್ಟವಾದ ಉದಾಹರಣೆ ಫಿನೈಲ್‌ಕೀಟೊನ್ಯೂರಿಯಾ. ಈ ಕಾಯಿಲೆಯಿರುವ ತಾಯಿಯ ರಕ್ತದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ಮಿತಿಮೀರಿದರೆ, ಮಗುವಿಗೆ ಆ ಕಾಯಿಲೆ ಬಾರದಿದ್ದರೂ ತಲೆ ಸಣ್ಣದಾಗಬಹುದು, ಹೃದಯದಲ್ಲಿ ದೋಷ ಉಳಿಯಬಹುದು. ಅದಕ್ಕೇ ಬಸಿರಿಗೆ ಮುಂಚಿನಿಂದಲೇ ಆ ಅಂಶವನ್ನು ಲೀಟರಿಗೆ 120ರಿಂದ 360 ಮೈಕ್ರೊಮೋಲ್ ಒಳಗೆ ಇಡಲು ಆಹಾರ ಪಥ್ಯ ಹೇಳುತ್ತಾರೆ.

ಇಂಥ ಅಧ್ಯಯನಕ್ಕೆ ಇಳಿಯುವ ವೈದ್ಯರು, ಜೀವರಸಾಯನಶಾಸ್ತ್ರ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಯಂತ್ರದ ಬಗ್ಗೆ. ಆದರೆ ಅಧ್ಯಯನ ಕೆಡುವುದು ಹೆಚ್ಚಾಗಿ ಯಂತ್ರದಲ್ಲಲ್ಲ. ತಾಯಿಯ ತೋಳಿನಿಂದ ಫ್ರೀಜರ್‌ವರೆಗಿನ ಒಂದೆರಡು ಗಂಟೆಯಲ್ಲಿ ಮತ್ತು ಹೆರಿಗೆ ಕೋಣೆಯ ತಕ್ಕಡಿಯ ಮೇಲೆ ಆದ ತಪ್ಪನ್ನು ಮುಂದೆ ಯಾವ ಸಾಫ್ಟ್‌ವೇರೂ ತಿದ್ದಲಾರದು.

ಮೊದಲು ಪ್ರಶ್ನೆ

"ಎಲ್ಲ ಅಳೆದು ನೋಡೋಣ, ಏನಾದರೂ ಸಿಕ್ಕೀತು" ಎಂದು ಹೊರಡಬೇಡಿ. ಒಂದು ಅಂಶ, ಒಂದು ಪರಿಣಾಮ, ಗರ್ಭದ ಒಂದು ಹಂತ, ಇಷ್ಟನ್ನು ಒಂದು ವಾಕ್ಯದಲ್ಲಿ ಬರೆಯಲು ಆಗಬೇಕು.

ಮಾದರಿಗೆ, ತಾಯಿಯ ಸಕ್ಕರೆ ಮಗುವನ್ನು ಹೇಗೆ ತಟ್ಟುತ್ತದೆ ಎಂದು ಕೇಳಿದ, 2008ರಲ್ಲಿ ಪ್ರಕಟವಾದ ಹ್ಯಾಪೊ ಅಧ್ಯಯನವನ್ನು ನೋಡಿ. 9 ದೇಶಗಳ 15 ಕೇಂದ್ರಗಳಲ್ಲಿ ಸುಮಾರು 25,000 ಗರ್ಭಿಣಿಯರಿಗೆ 24ರಿಂದ 32 ವಾರಗಳ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದರು. ತಾಯಿಯ ಸಕ್ಕರೆ ಏರಿದಂತೆ ಮಗು ದಪ್ಪವಾಗಿ ಹುಟ್ಟುವುದೂ ಹೊಕ್ಕುಳಬಳ್ಳಿ ರಕ್ತದ ಸಿ-ಪೆಪ್ಟೈಡ್ (ಮಗುವಿನ ಇನ್ಸುಲಿನ್ ಉತ್ಪತ್ತಿಯ ಗುರುತು) ಏರುವುದೂ ಹೆಚ್ಚುತ್ತ ಹೋಯಿತು. ಇಲ್ಲಿಂದಾಚೆಗೆ ಅಪಾಯ ಎನ್ನಬಹುದಾದ ಗೆರೆಯೊಂದು ಕಾಣಲೇ ಇಲ್ಲ. ಆ ಮಾಹಿತಿಯ ಮೇಲೆಯೇ 2010ರಲ್ಲಿ ತಜ್ಞರ ಸಮಿತಿ ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 (ಡೆಸಿಲೀಟರಿಗೆ ಮಿಲಿಗ್ರಾಂ) ಎಂಬ ಮಿತಿಗಳನ್ನು ಹಾಕಿತು. ಪ್ರಶ್ನೆ ಸರಳವಾಗಿತ್ತು, ಅಳತೆ ಬಿಗಿಯಾಗಿತ್ತು. ಅದರಿಂದಲೇ ಉತ್ತರ ಆಸ್ಪತ್ರೆಯ ನಿತ್ಯದ ಕೆಲಸಕ್ಕೆ ಬಂತು.

ನಮ್ಮ ನಾಡಿಗೆ ಹತ್ತಿರದ ಪ್ರಶ್ನೆ ಬಿ12 ಜೀವಸತ್ವ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಶೇ 43ರಷ್ಟು ಗರ್ಭಿಣಿಯರ ಬಿ12 ಲೀಟರಿಗೆ 150 ಪಿಕೊಮೋಲ್‌ಗಿಂತ ಕೆಳಗಿತ್ತು. ಇನ್ನೊಂದು ಬಿ ಜೀವಸತ್ವವಾದ ಫೋಲೇಟ್‌ನ ಕೊರತೆ ಮಾತ್ರ ತೀರಾ ಕಡಿಮೆ. ಬಿ12 ಕಡಿಮೆಯಿದ್ದವರಲ್ಲಿ ಗರ್ಭಕಾಲದ ಮಧುಮೇಹ ಶೇ 8.7, ಉಳಿದವರಲ್ಲಿ ಶೇ 4.6. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾಯಿಯ ಫೋಲೇಟ್ ಹೆಚ್ಚು, ಬಿ12 ಕಡಿಮೆ ಎಂಬ ಜೋಡಿ ಇದ್ದಲ್ಲಿ ಆರನೇ ವಯಸ್ಸಿನ ಮಕ್ಕಳಲ್ಲಿ ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಅತಿ ಹೆಚ್ಚು ಎಂದು 2008ರಲ್ಲಿ ತೋರಿಸಿತು. ಪ್ರತಿ ಗರ್ಭಿಣಿಗೂ ಕಬ್ಬಿಣದ ಜತೆ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಕೊಡುವ ನಾಡಿನಲ್ಲಿ ಈ ಜೋಡಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದ್ದರಿಂದ ಮುಂದಿನ ಹಂತಗಳಿಗೆ ಬಿ12 ಮತ್ತು ಅದರ ಕೊರತೆಯಾದಾಗ ರಕ್ತದಲ್ಲಿ ಏರುವ ಹೋಮೊಸಿಸ್ಟೀನ್, ಮೀಥೈಲ್‌ಮಲೋನಿಕ್ ಆಮ್ಲಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಅನುಮತಿ, ವಾರದ ಲೆಕ್ಕ, ತವರಿನ ವಿಳಾಸ

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬರುವ ಮುನ್ನ ಒಂದು ಹನಿ ರಕ್ತವನ್ನೂ ತೆಗೆಯುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ. ಎಷ್ಟು ರಕ್ತ, ಎಷ್ಟು ಸಲ, ಎಷ್ಟು ವರ್ಷ ಇಡುತ್ತೀರಿ, ಡಿಎನ್‌ಎ ನೋಡುತ್ತೀರಾ, ಯಾವ ವರದಿ ಆಕೆಯ ಕೈಗೆ ಬರುತ್ತದೆ, ಇವೆಲ್ಲ ಅದರಲ್ಲಿರಲಿ. ಮಗುವಿನ ಲಿಂಗವನ್ನು ಹುಟ್ಟಿದ ಮೇಲಷ್ಟೇ ದಾಖಲಿಸಿ. ಹುಟ್ಟುವ ಮೊದಲೇ ತಿಳಿಯುವುದು, ತಿಳಿಸುವುದು ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಪರಾಧ.

ಗರ್ಭದ ವಾರ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಮೂವತ್ತನೆಯ ವಾರದ ಹೊತ್ತಿಗೆ ಪ್ಲಾಸ್ಮಾ ಶೇ 40-50ರಷ್ಟು ಹೆಚ್ಚಿರುತ್ತದೆ. ರಕ್ತ ತೆಳುವಾದಾಗ ಹಲವು ಅಂಶಗಳ ಸಾಂದ್ರತೆ ತಾನಾಗಿಯೇ ಇಳಿಯುತ್ತದೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮಾತ್ರ ಕೊನೆಯ ಮೂರು ತಿಂಗಳಲ್ಲಿ ಎರಡು ಮೂರು ಪಟ್ಟು ಏರುತ್ತದೆ. 18 ವಾರದವಳನ್ನೂ 30 ವಾರದವಳನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ನಿಮಗೆ ಕಾಣುವ ವ್ಯತ್ಯಾಸ ರೋಗದ್ದಲ್ಲ, ವಾರದ್ದು. ಮುಟ್ಟಿನ ದಿನಾಂಕವೊಂದನ್ನೇ ನಂಬಬೇಡಿ. 14 ವಾರದೊಳಗಿನ ಸ್ಕ್ಯಾನ್‌ನಲ್ಲಿ ಭ್ರೂಣದ ತಲೆಯಿಂದ ಬುಡದವರೆಗಿನ ಉದ್ದ ಅಳೆದು ವಾರ ಗಟ್ಟಿಮಾಡಿಕೊಳ್ಳಿ. ರಕ್ತ ತೆಗೆಯುವ ಅವಧಿಯನ್ನು ಎರಡು ಮೂರು ವಾರಗಳ ಕಿಂಡಿಗೆ ಬಿಗಿಗೊಳಿಸಿ.

ಮೊದಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರುವ ಕಡೆ ಹೆಸರು ನೋಂದಾಯಿಸಿದ ಆಸ್ಪತ್ರೆಯಲ್ಲೇ ಹೆರಿಗೆ ಆಗುತ್ತದೆಂದು ಎಣಿಸಬಾರದು. ಮೊದಲ ಭೇಟಿಯಲ್ಲೇ ತವರಿನ ಊರು, ಅಲ್ಲಿನ ಆಶಾ ಕಾರ್ಯಕರ್ತೆ, ತಾಯಿ ಕಾರ್ಡ್ ಸಂಖ್ಯೆ ಬರೆದುಕೊಳ್ಳಿ. ಏಳನೇ ತಿಂಗಳಲ್ಲಿ ಮತ್ತೊಮ್ಮೆ ಫೋನ್ ಮಾಡಿ. ಕೈತಪ್ಪುವವರಲ್ಲಿ ಚೊಚ್ಚಲು ಬಸುರಿಯರೇ ಹೆಚ್ಚು, ಚೊಚ್ಚಲು ಮಕ್ಕಳು ತೂಕದಲ್ಲಿ ಸಾಮಾನ್ಯವಾಗಿ ತುಸು ಕಡಿಮೆ. ಅವರೆಲ್ಲ ಬಿಟ್ಟುಹೋದರೆ ಫಲಿತಾಂಶ ಒಂದು ಕಡೆ ವಾಲುತ್ತದೆ.

ರಕ್ತ ತೆಗೆಯುವ ಬೆಳಗ್ಗೆ

ರಾತ್ರಿ ಊಟದ ನಂತರ 8ರಿಂದ 10 ಗಂಟೆ ಉಪವಾಸ ಸಾಕು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿದ ದೇಹ ಬೇಗನೆ ಕೊಬ್ಬು ಕರಗಿಸಲು ತೊಡಗಿ ಕೀಟೋನ್ ಏರುತ್ತದೆ. ಹದಿನಾಲ್ಕು ಗಂಟೆ ಹಸಿದವಳ ಮಾದರಿ ಬೇರೆಯದೇ ಕಥೆ ಹೇಳೀತು, ಆಕೆಗೂ ಹಿಂಸೆ. ಬೆಳಗ್ಗೆ 7ರಿಂದ 9ರೊಳಗೆ ತೆಗೆದು ಮುಗಿಸಿ, ಅಲ್ಲೇ ತಿಂಡಿ ಕೊಡಿ. ಕೊನೆಯ ಊಟದ ಹೊತ್ತು, ಹಿಂದಿನ ದಿನ ನುಂಗಿದ ಮಾತ್ರೆಗಳು, ಮಧುಮೇಹದ ಮೆಟ್‌ಫಾರ್ಮಿನ್, ಬಿ12 ಚುಚ್ಚುಮದ್ದು, ಎಲ್ಲ ಬರೆದಿಡಿ. ಮೆಟ್‌ಫಾರ್ಮಿನ್ ಬಹುಕಾಲ ತಿಂದರೆ ಬಿ12 ಇಳಿಯುತ್ತದೆ.

ಹತ್ತು ನಿಮಿಷ ಕೂರಿಸಿ, 21 ಅಥವಾ 22 ಗೇಜ್ ಸೂಜಿ ಬಳಸಿ. ತೋಳಿಗೆ ಪಟ್ಟಿ ಕಟ್ಟಿ ಒಂದು ನಿಮಿಷದೊಳಗೆ ಬಿಡಿಸಿ. ಮುಷ್ಟಿ ಬಿಗಿದು ಬಿಡಿಸಲು ಹೇಳಬೇಡಿ, ಲ್ಯಾಕ್ಟೇಟ್ ಮತ್ತು ಪೊಟ್ಯಾಸಿಯಂ ಏರುತ್ತವೆ. ಒಟ್ಟು 12 ಮಿ.ಲೀ. ಸಾಕು: ಕೆಂಪು ಮುಚ್ಚಳದ ಸೀರಂ ಟ್ಯೂಬಿಗೆ 4, ನೇರಳೆ ಮುಚ್ಚಳದ ಇಡಿಟಿಎಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) 6, ಬೂದು ಮುಚ್ಚಳದ ಫ್ಲೋರೈಡ್‌ಗೆ (ಗ್ಲೂಕೋಸ್ ಒಡೆಯದಂತೆ ತಡೆಯುವುದು) 2. ಇದೇ ಅನುಕ್ರಮ ಇರಲಿ. ಇಡಿಟಿಎ ಮೊದಲು ತುಂಬಿ ಅದರ ಅಂಶ ಸೀರಂಗೆ ತಗುಲಿದರೆ ಕ್ಯಾಲ್ಸಿಯಂ ಸುಳ್ಳಾಗಿ ಇಳಿದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಿ, ಕುಲುಕಬೇಡಿ. ಕುಲುಕಿದರೆ ಕೆಂಪುಕಣ ಒಡೆದು ಅರ್ಜಿನೇಸ್ ಕಿಣ್ವ ಹೊರಬರುತ್ತದೆ. ಅದು ಅರ್ಜಿನಿನ್ ಅನ್ನು ಆರ್ನಿಥಿನ್ ಮಾಡಿಬಿಡುತ್ತದೆ. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಅಂಕದಲ್ಲಿ ಗುರುತು ಮಾಡಿ, ಮುಚ್ಚಿಡಬೇಡಿ.

ಮೊದಲ ಒಂದು ಗಂಟೆ

ಟ್ಯೂಬಿನಲ್ಲಿರುವ ರಕ್ತಕಣ ಇನ್ನೂ ಜೀವಂತ. ಸಾಮಾನ್ಯ ತಾಪಮಾನದಲ್ಲಿಟ್ಟರೆ ಅವು ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ತಿಂದು ಮುಗಿಸುತ್ತವೆ. ಫ್ಲೋರೈಡ್ ಇದೆಯಲ್ಲ ಎಂದು ಮೈಮರೆಯುವಂತಿಲ್ಲ. ಅದು ಗ್ಲೂಕೋಸ್ ಒಡೆಯುವ ಸರಪಳಿಯ ಕೊನೆಯ ಭಾಗದ ಕಿಣ್ವವನ್ನು ತಡೆಯುವುದರಿಂದ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ 96 ಇದ್ದದ್ದು 90 ಆಗಿ, 92ರ ಮಿತಿ ದಾಟಿದ ತಾಯಿಗೆ "ನಿಮಗೇನೂ ಇಲ್ಲ" ಎಂಬ ಚೀಟಿ ಸಿಕ್ಕಿರುತ್ತದೆ. ಹೋಮೊಸಿಸ್ಟೀನ್‌ನದು ಇದಕ್ಕೆ ತಿರುಗುಮುರುಗು. ಕೆಂಪುಕಣಗಳು ಅದನ್ನು ಹೊರಬಿಡುತ್ತ ಹೋಗುತ್ತವೆ, ಗಂಟೆಗೆ ಹೆಚ್ಚುಕಡಿಮೆ ಶೇ 10ರಷ್ಟು ಸುಳ್ಳು ಏರಿಕೆ.

ಎರಡಕ್ಕೂ ಮದ್ದು ಒಂದೇ. ಇಡಿಟಿಎ ಮತ್ತು ಫ್ಲೋರೈಡ್ ಟ್ಯೂಬುಗಳನ್ನು ಐಸ್ ಮತ್ತು ನೀರು ಬೆರೆತ ಡಬ್ಬಿಯಲ್ಲಿ ತಕ್ಷಣ ನಿಲ್ಲಿಸಿ, ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸಿ). ಬರೀ ಐಸ್ ತುಂಡಾದರೆ ಟ್ಯೂಬಿಗೆ ಸುತ್ತಲೂ ತಂಪು ತಾಗುವುದಿಲ್ಲ. ಸೀರಂ ಟ್ಯೂಬು ಮಾತ್ರ ಹೊರಗೆ ಅರ್ಧ ಗಂಟೆ ಹೆಪ್ಪುಗಟ್ಟಲಿ.

ವೇಗ 2000 ಜಿ, 10 ನಿಮಿಷ, 4 ಡಿಗ್ರಿ. ಇಲ್ಲಿ ಜಿ ಎಂದರೆ ಸುತ್ತಿನ ಸಂಖ್ಯೆಯಲ್ಲ, ಭೂಮಿಯ ಗುರುತ್ವದ ಎಷ್ಟು ಪಟ್ಟು ಬಲ ಎಂಬ ಅಳತೆ. ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ 2000 ಜಿ ಬರಲು ನಿಮಿಷಕ್ಕೆ ಸುಮಾರು 3450 ಸುತ್ತು ಬೇಕು. ಬೇರೆ ಯಂತ್ರಕ್ಕೆ ಬೇರೆ ಲೆಕ್ಕ. ಎರಡು ಕೇಂದ್ರಗಳವರು "3000ಕ್ಕೆ ಇಟ್ಟಿದ್ದೇವೆ" ಎಂದು ಒಂದೇ ಮಾತು ಹೇಳಿದರೂ ಮಾದರಿಗಳು ಬೇರೆಬೇರೆಯಾಗಿರಬಹುದು. ಪ್ಲಾಸ್ಮಾ ಹೀರುವಾಗ ಅದರ ಕೆಳಗೆ ನಿಲ್ಲುವ ಬಿಳಿ ರಕ್ತಕಣಗಳ ಬಿಳಿ ಪದರದ ಮೇಲೆ ಅರ್ಧ ಸೆಂ.ಮೀ. ಬಿಟ್ಟುಬಿಡಿ. ಆ ಬಿಳಿ ಪದರವನ್ನು ಬಿಸಾಡದೆ ಡಿಎನ್‌ಎಗಾಗಿ ತೆಗೆದಿಡಿ, ಯಾಕೆಂಬುದು ಮುಂದೆ ತಿಳಿಯುತ್ತದೆ.

ಫ್ರೀಜರ್

ಅರ್ಧ ಅರ್ಧ ಮಿ.ಲೀ. ಆಗಿ ಹಂಚಿ ಮೈನಸ್ 80 ಡಿಗ್ರಿಗೆ ಇಡಿ. ದೊಡ್ಡ ಟ್ಯೂಬೊಂದನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೊಬ್ಬಿನ ಅಂಶಗಳು ಒಡೆಯುತ್ತವೆ. ಒಬ್ಬಳ ಮಾದರಿಯನ್ನು ಎರಡು ಫ್ರೀಜರ್‌ಗಳಿಗೆ ಹಂಚಿ, ಎರಡಕ್ಕೂ ಬೇರೆ ವಿದ್ಯುತ್ ಮಾರ್ಗ ಇರಲಿ. ಚೀಟಿಯ ಮೇಲೆ ಹೆಸರು ಬೇಡ, ಬಾರ್‌ಕೋಡ್ ಸಾಕು. ಮಾರ್ಕರ್‌ನಲ್ಲಿ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ. ಬೇರೆ ಊರಿನ ಪ್ರಯೋಗಾಲಯಕ್ಕೆ ಡ್ರೈ ಐಸ್‌ನಲ್ಲಿ ಕಳಿಸುವಾಗ ಥರ್ಮೊಕೋಲ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಸೀಲ್ ಮಾಡಬೇಡಿ. ಅನಿಲ ತುಂಬಿ ಸಿಡಿದೀತು.

ಪ್ರಯೋಗಾಲಯ

ಪ್ರೋಟೀನ್ ಬೇರ್ಪಡಿಸಲು 100 ಮೈಕ್ರೊಲೀಟರ್ ಪ್ಲಾಸ್ಮಾಗೆ ಮೂರು ನಾಲ್ಕು ಪಟ್ಟು ತಣ್ಣನೆಯ ಮೆಥನಾಲ್. ಐಸೊಟೋಪ್ ಗುರುತಿನ ಆಂತರಿಕ ಮಾನಕ (ಹೋಲಿಸಿ ಅಳೆಯಲು ಗೊತ್ತಾದ ಪ್ರಮಾಣದಲ್ಲಿ ಸೇರಿಸುವ ಅಣು) ಆ ಮೆಥನಾಲ್‌ನಲ್ಲೇ ಬೆರೆತಿರಲಿ. ಬಳಿಕ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು, ಅಣುಗಳನ್ನು ಅವುಗಳ ರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಕೊಡಿ. ಎಲ್ಲ ಮಾದರಿಗಳಿಂದಲೂ ಹನಿ ಹನಿ ಸೇರಿಸಿ ಒಂದು ಮಿಶ್ರಣ ಮಾಡಿಕೊಂಡು ಪ್ರತಿ ಹತ್ತು ಮಾದರಿಗೊಮ್ಮೆ ಅದನ್ನು ಓಡಿಸಬೇಕು. ಅದೇ ಮಿಶ್ರಣ ಬೆಳಗ್ಗೆ ಒಂದು, ಸಂಜೆ ಒಂದು ಸಂಖ್ಯೆ ಕೊಟ್ಟರೆ ಯಂತ್ರ ಜಾರುತ್ತಿದೆ ಎಂದರ್ಥ. ಆ ಮಿಶ್ರಣದಲ್ಲೇ ಶೇ 20ಕ್ಕಿಂತ ಹೆಚ್ಚು ಓಲಾಡುವ ಅಂಶವನ್ನು ಕೈಬಿಡಿ. ಹುಡುಕಾಟದ ಅಧ್ಯಯನವಾದರೆ ಶೇ 30ರವರೆಗೆ ಸಡಿಲ ಕೊಡುವುದು ವಾಡಿಕೆ. ಕಡಿಮೆ ತೂಕದ ಮಕ್ಕಳ ತಾಯಂದಿರ ಮಾದರಿಯನ್ನೆಲ್ಲ ಒಂದೇ ದಿನ ಓಡಿಸುವುದು ದೊಡ್ಡ ತಪ್ಪು. ಚೀಟಿ ಎತ್ತಿದಂತೆ ಕಲಸಿ, ಒಬ್ಬಳದೇ ಬೇರೆಬೇರೆ ತಿಂಗಳ ಮಾದರಿಗಳನ್ನು ಮಾತ್ರ ಒಟ್ಟಿಗೇ ಇಡಿ.

ಬಿ12 ಒಂದನ್ನೇ ಅಳೆದು ನಿಲ್ಲಬಾರದು. ಬಸಿರಿನಲ್ಲಿ ಅದರ ಒಟ್ಟು ಮಟ್ಟ ಹೇಗೂ ಇಳಿಯುತ್ತದೆ. ಜೀವಕೋಶದೊಳಗೆ ನಿಜವಾಗಿ ಕೊರತೆಯಿದ್ದರೆ ಮೀಥೈಲ್‌ಮಲೋನಿಕ್ ಆಮ್ಲ ಏರಿರುತ್ತದೆ.

ಕೂಸಿನ ಅಳತೆ

ಇಷ್ಟು ಜತನದಿಂದ ರಕ್ತ ಅಳೆದು, ಮಗುವಿನ ತೂಕವನ್ನು ಕೇಸ್‌ಶೀಟಿನಿಂದ ನಕಲು ಮಾಡುವ ತಂಡಗಳಿವೆ. ಅಲ್ಲಿ ತೂಕಗಳು 2.5, 3.0 ಎಂದು ದುಂಡಾಗಿ ಕೂತಿರುತ್ತವೆ. 2480 ಗ್ರಾಂನ ಮಗು 2.5 ಎಂದು ದಾಖಲಾದರೆ ಕಡಿಮೆ ತೂಕದ ಪಟ್ಟಿಯಿಂದಲೇ ಜಾರಿತು. ನಿಮ್ಮದೇ ಡಿಜಿಟಲ್ ತಕ್ಕಡಿ ಇರಲಿ, 10 ಗ್ರಾಂ ವ್ಯತ್ಯಾಸ ತೋರಬೇಕು. ಗೊತ್ತಿರುವ ತೂಕದ ಕಲ್ಲಿಟ್ಟು ದಿನವೂ ಪರೀಕ್ಷಿಸಿ. ಬಟ್ಟೆಯಿಲ್ಲದೆ, 24 ಗಂಟೆಯೊಳಗೆ ತೂಗಿ. ಉದ್ದಕ್ಕೆ ಇನ್‌ಫ್ಯಾಂಟೊಮೀಟರ್ (ಮಗುವನ್ನು ಮಲಗಿಸಿ ಅಳೆಯುವ ಹಲಗೆ), ತಲೆಸುತ್ತಿಗೆ ಹಿಗ್ಗದ ಟೇಪು. ಭುಜದ ಎಲುಬಿನ ಕೆಳಗಿನ ಮತ್ತು ತೋಳ ಹಿಂಭಾಗದ ಚರ್ಮದ ಮಡಿಕೆಯನ್ನು 72 ಗಂಟೆಯೊಳಗೆ ಕ್ಯಾಲಿಪರ್‌ನಿಂದ ಮೂರು ಸಲ ಅಳೆಯಿರಿ. ಇದನ್ನು ಬಿಡಲೇಬಾರದು. ಪುಣೆಯ ಮಕ್ಕಳು ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳು 3.5 ಕಿಲೊ. ಆದರೆ ಭುಜದ ಕೆಳಗಿನ ಕೊಬ್ಬಿನಲ್ಲಿ ಅಷ್ಟು ಅಂತರವಿರಲಿಲ್ಲ. ಸಣಕಲಾಗಿ ಕಂಡರೂ ಕೊಬ್ಬು ಉಳಿಸಿಕೊಂಡ ಈ ಮೈಕಟ್ಟು ತಕ್ಕಡಿಗೆ ಕಾಣುವುದಿಲ್ಲ.

ವಾರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡಲು ನಾಗಪುರವೂ ಸೇರಿದ್ದ ಹಲವು ದೇಶಗಳ ಅಧ್ಯಯನದಿಂದ ಬಂದ ಇಂಟರ್‌ಗ್ರೋತ್-21 ಮಾನದಂಡ ಬಳಸಬಹುದು.

ಹಿಮ್ಮಡಿ ರಕ್ತವನ್ನು 48 ಗಂಟೆ ಕಳೆದ ಮೇಲೆ ಕಾಗದದ ಕಾರ್ಡಿಗೆ ತೆಗೆದು ನೆರಳಲ್ಲಿ ಒಣಗಿಸಿದರೆ ಅಸೈಲ್‌ಕಾರ್ನಿಟಿನ್‌ಗಳೂ (ಕೊಬ್ಬಿನಾಮ್ಲ ಮತ್ತು ಅಮೈನೊ ಆಮ್ಲಗಳ ಬಳಕೆಯ ಸುಳಿವು ಕೊಡುವ ಅಣುಗಳು) ಸಿಗುತ್ತವೆ. ಅವುಗಳಲ್ಲಿ ಮೂರು ಇಂಗಾಲದ ಸಿ3 ಏರಿದ್ದರೆ ಆನುವಂಶಿಕ ರೋಗದ ಜತೆಗೆ ತಾಯಿಯ ಬಿ12 ಕೊರತೆಯನ್ನೂ ಅನುಮಾನಿಸಬೇಕು.

ಲೆಕ್ಕ ಹಾಕುವಾಗ

500 ಅಂಶಗಳನ್ನು ಒಂದೊಂದಾಗಿ 0.05ರ ಮಟ್ಟದಲ್ಲಿ ಪರೀಕ್ಷಿಸಿದರೆ ಏನೂ ಸಂಬಂಧವಿಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಸುಮಾರು 25 "ಸಿಕ್ಕಿತು" ಎನ್ನುತ್ತವೆ. ಇಂಥ ಸುಳ್ಳು ಫಲಿತಾಂಶಗಳ ಪಾಲನ್ನು ಹತೋಟಿಯಲ್ಲಿಡುವ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಕಡ್ಡಾಯ. ತಾಯಿಯ ಎತ್ತರ, ಬಿಎಂಐ, ಎಷ್ಟನೇ ಹೆರಿಗೆ, ರಕ್ತ ತೆಗೆದ ವಾರ, ಉಪವಾಸದ ಗಂಟೆ, ಮನೆಯ ಆರ್ಥಿಕ ಸ್ಥಿತಿ ಇವನ್ನು ಲೆಕ್ಕಕ್ಕೆ ಸೇರಿಸಿ. ಹುಟ್ಟಿದ ವಾರವನ್ನು ಯೋಚಿಸಿ ಸೇರಿಸಿ. ಆ ಮೆಟಬಾಲೈಟ್ ಅವಧಿಗೆ ಮುನ್ನ ಹೆರಿಗೆ ಮಾಡಿಸಿಯೇ ತೂಕ ಇಳಿಸುತ್ತಿದ್ದರೆ, ನೀವು ಹುಡುಕುತ್ತಿರುವ ದಾರಿಯನ್ನೇ ಅಳಿಸಿದಂತಾಗುತ್ತದೆ.

ಸಂಬಂಧ ಕಂಡಿತೆಂದರೆ ಅದೇ ಕಾರಣವಾಗಬೇಕಿಲ್ಲ. ಬಿ12 ಕಡಿಮೆ ಇರುವವಳಿಗೆ ಹಾಲು, ಮೊಟ್ಟೆ ಕೊಳ್ಳುವ ಶಕ್ತಿಯೇ ಇಲ್ಲದಿರಬಹುದು. ತೆಗೆದಿಟ್ಟ ಬಿಳಿ ಪದರ ಕೆಲಸಕ್ಕೆ ಬರುವುದು ಇಲ್ಲೇ. ಫೋಲೇಟ್ ಬಳಕೆಗೆ ಬೇಕಾದ ಕಿಣ್ವದ ಎಂಟಿಎಚ್‌ಎಫ್‌ಆರ್ ಜೀನ್‌ನ 677ನೇ ಸ್ಥಾನದ ಒಂದು ರೂಪ ಹೋಮೊಸಿಸ್ಟೀನ್ ಏರಿಸುತ್ತದೆ. ಅದು ಹುಟ್ಟಿನಿಂದ ಬಂದದ್ದು, ಬಡತನದಿಂದ ಬಂದದ್ದಲ್ಲ. ಪುಣೆ ಮತ್ತು ಮೈಸೂರಿನ ತಾಯಂದಿರಲ್ಲಿ ಈ ರೂಪವನ್ನು ಬಳಸಿ, ಹೋಮೊಸಿಸ್ಟೀನ್ ಏರಿಕೆಯೇ ಮಗುವಿನ ತೂಕ ಇಳಿಯಲು ಕಾರಣವಾಗಿರಬಹುದೆಂದು 2014ರಲ್ಲಿ ತೋರಿಸಿದರು.

ವರದಿ ಆಕೆಯ ಕೈಗೆ

ಸಕ್ಕರೆ ಮತ್ತು ಹಿಮೋಗ್ಲೋಬಿನ್ ಫಲಿತಾಂಶ ಅದೇ ದಿನ ವೈದ್ಯರಿಗೆ ತಲುಪಲಿ. ಅಂಗೈ, ಅಂಗಾಲು ತುರಿಕೆ (ಬಸಿರಿನಲ್ಲಿ ಪಿತ್ತದ ಹರಿವು ತಗ್ಗುವ ಯಕೃತ್ತಿನ ತೊಂದರೆಯ ಲಕ್ಷಣ) ಎಂದವಳ ಪಿತ್ತಾಮ್ಲದ ಪರೀಕ್ಷೆಯನ್ನು ವರ್ಷದ ಕೊನೆಯ ಬ್ಯಾಚಿಗೆ ಕಾಯಿಸುವಂತಿಲ್ಲ. ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ಸಾಯುವ ಅಪಾಯ ಶೇ 3.4ರ ಆಸುಪಾಸಿಗೆ ಏರುತ್ತದೆ ಎಂದು 2019ರ ವಿಶ್ಲೇಷಣೆ ಹೇಳಿದೆ. ಬಿ12 ತೀರಾ ಕಡಿಮೆ ಇರುವವಳಿಗೆ ಬಾಣಂತನಕ್ಕೆ ಮುನ್ನವೇ ಚಿಕಿತ್ಸೆ ಶುರುವಾಗಬೇಕು, ಎದೆಹಾಲಿನಲ್ಲೂ ಅದು ಕಡಿಮೆಯೇ ಇರುತ್ತದೆ. ಆರು ತಿಂಗಳು ದಾಟಿದ ಆ ಮಗು ಮಂಕಾಗಿ, ಕಲಿತ ನಗು ಮರೆತು, ಕೈ ನಡುಗಿಸಲು ತೊಡಗಿದರೆ ಮಕ್ಕಳ ವೈದ್ಯರ ಬಳಿ ಕರೆದೊಯ್ಯಲು ಹೇಳಿ, ತಾಯಿಯ ಬಿ12 ವರದಿಯ ಪ್ರತಿಯೊಂದನ್ನು ತಾಯಿ ಕಾರ್ಡಿಗೆ ಲಗತ್ತಿಸಿ ಕೊಡಿ.