ಜಾವಾ ಇಲ್ಲದ ಕಂಪ್ಯೂಟರ್‌ಗೆ ಜಾವಾ ಆ್ಯಪ್ ಕಟ್ಟಿಕೊಡುವುದು ಹೇಗೆ?

ನಮ್ಮ ಭಾವನ ಹಾರ್ಡ್‌ವೇರ್ ಅಂಗಡಿಗೆಂದು ಬಿಲ್ ಮಾಡುವ ಸಣ್ಣ ಜಾವಾ ಆ್ಯಪ್ ಬರೆದು, ಜಾರ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದೆ. ಸಂಜೆ ಫೋನ್ ಬಂತು. "ಏನೋ ಇದು, ಕ್ಲಿಕ್ ಮಾಡಿದ್ರೆ ಬರೀ ಫೋಲ್ಡರ್ ತೋರಿಸ್ತಿದೆ?" ಅವರ ಕಂಪ್ಯೂಟರ್‌ನಲ್ಲಿ ಜಾವಾ ಇರಲಿಲ್ಲ. ಜಿಪ್ ಬಿಚ್ಚುವ ಆ್ಯಪ್ ನನ್ನ ಜಾರನ್ನೂ ಬಿಚ್ಚಿ ಹರಡಿತ್ತು. ಜಾರ್ ಅಂದ್ರೆ ಒಳಗೆ ಜಿಪ್ಪೇ ಅಲ್ವಾ!

ಇದಕ್ಕೆ ಮದ್ದು ಜೆಡಿಕೆಯಲ್ಲೇ, ಅಂದ್ರೆ ಜಾವಾ ಆ್ಯಪ್ ಬರೆಯಲು ಬಳಸುವ ಕಿಟ್‌ನಲ್ಲೇ ಇದೆ: ಜೆಪ್ಯಾಕೇಜ್ ಎಂಬ ಟೂಲ್. 2020ರಲ್ಲಿ ಜೆಡಿಕೆ 14ರ ಜೊತೆ ಪ್ರಯೋಗಕ್ಕೆ ಬಂದು, 2021ರಲ್ಲಿ ಜೆಡಿಕೆ 16ರಲ್ಲಿ ಕಾಯಂ ಆಯಿತು. ಇದು ಆ್ಯಪ್ ಜೊತೆಗೇ ಜಾವಾವನ್ನೂ ಕಟ್ಟಿಕೊಡುತ್ತದೆ.

ಮೊದಲು ಒಂದು ಖಾಲಿ ಫೋಲ್ಡರ್ ಮಾಡಿ. ಅದರಲ್ಲಿ ನಿಮ್ಮ ಜಾರ್, ಅದಕ್ಕೆ ಬೇಕಾದ ಲೈಬ್ರರಿಗಳು, ಇಷ್ಟೇ ಇರಲಿ. ಅಲ್ಲಿರುವುದೆಲ್ಲ ಪ್ಯಾಕೇಜಿಗೆ ಹೋಗುತ್ತದೆ. ಬಿಲ್ಡ್ ಫೋಲ್ಡರನ್ನೇ ತೋರಿಸಿ, ಹಳೇ ಕಸವನ್ನೆಲ್ಲ ಭಾವನ ಮನೆಗೆ ಕಳಿಸಿದವನು ನಾನು.

ಇನ್ನು ಜೆಪ್ಯಾಕೇಜ್ ಕಮಾಂಡ್. ಆ್ಯಪ್ ಹೆಸರು, ಇನ್‌ಪುಟ್ ಫೋಲ್ಡರ್, ಮೇನ್ ಜಾರ್, ಟೈಪ್ ಕೊಡಿ. ಮೊದಲ ಸಲ ಟೈಪ್ 'ಆ್ಯಪ್-ಇಮೇಜ್' ಆಗಿರಲಿ. ಇನ್‌ಸ್ಟಾಲರ್ ಬದಲು ಸುಮ್ನೆ ಒಂದು ಫೋಲ್ಡರ್ ಸಿಗುತ್ತದೆ, ಒಳಗಿನ ಇಎಕ್ಸ್‌ಇ ಓಡಿಸಿ ನೋಡಬಹುದು. ತೆರೆದ ಕೂಡಲೇ ಮಾಯವಾದರೆ ಕಮಾಂಡ್‌ಗೆ 'ವಿನ್-ಕನ್ಸೋಲ್' ಆಯ್ಕೆ ಸೇರಿಸಿ ಮತ್ತೆ ಕಟ್ಟಿ. ಎಡವಟ್ಟು ಎಲ್ಲಿ ಅಂತ ಕಪ್ಪು ಪರದೆಯಲ್ಲಿ ಕಾಣುತ್ತದೆ.

ಸರಿ ಓಡಿತಾ? ಟೈಪನ್ನು 'ಎಂಎಸ್‌ಐ' ಮಾಡಿ, ಅದು ವಿಂಡೋಸ್ ಇನ್‌ಸ್ಟಾಲರ್. ಇದಕ್ಕೆ ನಿಮ್ಮ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲರ್ ಕಟ್ಟುವ ವಿಕ್ಸ್ ಟೂಲ್‌ಸೆಟ್ ಬೇಕು. 'ವಿನ್-ಶಾರ್ಟ್‌ಕಟ್' ಮರೆಯಬೇಡಿ, ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಇಲ್ಲದಿದ್ದರೆ ಮತ್ತೆ ಫೋನ್ ಬರುತ್ತದೆ. ಮುಂದಿನ ಸಲ ಕಟ್ಟುವಾಗ ವರ್ಷನ್ ನಂಬರ್ ಏರಿಸಿ.

ಮ್ಯಾಕ್‌ಗೆ ಡಿಎಂಜಿ, ಉಬುಂಟುಗೆ ಡೆಬ್. ಆದರೆ ಮ್ಯಾಕ್‌ನದನ್ನು ಮ್ಯಾಕ್‌ನಲ್ಲೇ, ಲಿನಕ್ಸ್‌ನದನ್ನು ಲಿನಕ್ಸ್‌ನಲ್ಲೇ ಕಟ್ಟಬೇಕು. ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರನ್ನು ನೆಟ್‌ನಿಂದ ಇಳಿಸಿಕೊಂಡರೆ ವಿಂಡೋಸ್ ಎಚ್ಚರಿಕೆ ತೋರಿಸಬಹುದು. ಊರಿಗೆಲ್ಲ ಹಂಚುವುದಾದರೆ ಆ ಸಹಿಗೆ ಬೇಕಾದ ಕೋಡ್ ಸೈನಿಂಗ್ ಸರ್ಟಿಫಿಕೇಟ್‌ಗೆ ದುಡ್ಡು ಹಾಕಿ. ಒಂದೇ ಅಂಗಡಿಗಾದರೆ ಬೇಡ ಅನ್ನಿಸುತ್ತದೆ.

ಸೈಜು ಜಾಸ್ತಿ ಆಯಿತೇ? ಜೆಡಿಕೆಯಲ್ಲೇ ಇರುವ ಜೆಡೆಪ್ಸ್ ಟೂಲ್ ಓಡಿಸಿದರೆ ನಿಮ್ಮ ಆ್ಯಪ್‌ಗೆ ಜಾವಾದ ಯಾವ ಮಾಡ್ಯೂಲ್‌ಗಳು (ಬಿಡಿ ಭಾಗಗಳು) ಬೇಕೆಂದು ಪಟ್ಟಿ ಕೊಡುತ್ತದೆ. ಅದನ್ನು ಜೆಪ್ಯಾಕೇಜ್‌ನ 'ಆ್ಯಡ್-ಮಾಡ್ಯೂಲ್ಸ್' ಆಯ್ಕೆಗೆ ಕೊಟ್ಟರೆ ಉಳಿದವು ಬಿಟ್ಟುಹೋಗುತ್ತವೆ. ನಾನೂ ಹಾಗೇ ಮಾಡಿದೆ. ಮಾರನೇ ದಿನ ಬಿಲ್ಲಿನಲ್ಲಿ ಕನ್ನಡದ ತಿಂಗಳ ಹೆಸರೇ ಇಲ್ಲ! ಆ ಹೆಸರುಗಳಿರುವುದು 'ಜೆಡಿಕೆ ಡಾಟ್ ಲೊಕೇಲ್‌ಡೇಟಾ' ಮಾಡ್ಯೂಲ್‌ನಲ್ಲಿ, ಜೆಡೆಪ್ಸ್ ಪಟ್ಟಿಯಲ್ಲಿ ಅದು ಇರಲಿಲ್ಲ. ಕೈಯಾರೆ ಸೇರಿಸಿ ಮತ್ತೆ ಕಟ್ಟಿದ ಮೇಲೆ 'ಜನವರಿ' ವಾಪಸ್ ಬಂತು.