ಬೇಡದ ಯೋಚನೆ ಬಂದಾಗ ವಾದಕ್ಕೆ ಇಳಿಯಬೇಡಿ

ರೈಲು ಪ್ಲಾಟ್‌ಫಾರ್ಮಿಗೆ ನುಗ್ಗಿ ಬರುತ್ತಿತ್ತು. ಯಾವ ದುಃಖವೂ ಇಲ್ಲದ ಒಂದು ಬೆಳಿಗ್ಗೆ. ಇದ್ದಕ್ಕಿದ್ದಂತೆ ನನ್ನೊಳಗೆ ಒಂದು ಪ್ರಶ್ನೆ ಎದ್ದಿತು: ‘ಈಗ ಹಾರಿಬಿಟ್ಟರೆ?’ ಅಂಗೈ ಬೆವರಿತು. ಹಿಂದಿದ್ದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ರೈಲು ನಿಂತಿತು, ಹತ್ತಿದೆ, ಏನೂ ಆಗಲಿಲ್ಲ. ಆದರೆ ಅಂದಿನಿಂದ ಹಲವು ತಿಂಗಳು ಗೋಡೆಗೆ ಬೆನ್ನು ತಾಗಿಸಿಯೇ ರೈಲಿಗೆ ಕಾದೆ. ಯೋಚನೆ ಇದ್ದದ್ದು ಒಂದು ಕ್ಷಣ, ಕಂಬ ಬಿಡದೆ ನಿಂತದ್ದು ತಿಂಗಳುಗಟ್ಟಲೆ.

ಎಳೆಗೂಸನ್ನು ಎತ್ತಿಕೊಂಡ ತಾಯಿಗೆ ‘ಕೈಬಿಟ್ಟರೆ?’ ಎನಿಸುತ್ತದೆ. ಚಾಕು ಹಿಡಿದವರಿಗೆ ‘ಪಕ್ಕದಲ್ಲಿರುವವರಿಗೆ ಚುಚ್ಚಿಬಿಟ್ಟರೆ?’ ಎನಿಸುತ್ತದೆ. ಪ್ರಾರ್ಥನೆಗೆ ಕುಳಿತವರ ಮನಸ್ಸಿನಲ್ಲಿ ಬೈಗುಳ ಸುಳಿಯುತ್ತದೆ. ‘ಛೀ, ನಾನೆಂಥ ಮನುಷ್ಯ!’ ಎಂದು ಒಳಗೊಳಗೇ ಕುಗ್ಗಿ, ಯಾರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಇದು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. 13 ದೇಶಗಳ 777 ವಿದ್ಯಾರ್ಥಿಗಳನ್ನು ಮಾತನಾಡಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಇಂಥ ಯೋಚನೆ ಬಂದಿತ್ತು ಎಂದವರು ಶೇ 94ರಷ್ಟು. ಅದಕ್ಕೂ ಬಹಳ ಮೊದಲು, 1978ರಲ್ಲಿ, ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಡಿಸಿಲ್ವಾ ಆರೋಗ್ಯವಂತರ ಯೋಚನೆಗಳನ್ನೂ ಗೀಳು ಕಾಯಿಲೆ (ಒಸಿಡಿ) ಇದ್ದವರ ಯೋಚನೆಗಳನ್ನೂ ಹೋಲಿಸಿದ್ದರು. ಹೂರಣ ಬಹುಮಟ್ಟಿಗೆ ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಅದು ಎಷ್ಟು ಸಲ ಬರುತ್ತದೆ, ಎಷ್ಟು ಕಾಡುತ್ತದೆ, ತಳ್ಳಿಹಾಕುವುದು ಎಷ್ಟು ಕಷ್ಟ ಎಂಬುದರಲ್ಲಿ.

ಬೇಡದ ಯೋಚನೆ ನಮಗೆ ಪ್ರಿಯವಾದ ಜಾಗವನ್ನೇ ಹುಡುಕಿ ಚುಚ್ಚುತ್ತದೆ. ಮಗುವೆಂದರೆ ಜೀವ ಬಿಡುವ ತಾಯಿಗೆ ಮಗುವಿನ ಬಗ್ಗೆ, ಭಕ್ತರಿಗೆ ದೇವರ ಬಗ್ಗೆ. ನಿಮಗೆ ಅಸಹ್ಯವಾಗುತ್ತಿದೆ ಎಂದರೆ ಆ ಯೋಚನೆ ನಿಮ್ಮ ಬಯಕೆಗೆ ವಿರುದ್ಧವಾದದ್ದು ಎಂದೇ ಅರ್ಥ.

ಹೆಸರಿಟ್ಟು ಕರೆಯಿರಿ

ಯೋಚನೆ ಬಂದ ತಕ್ಷಣ ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಮಗುವನ್ನು ಕೈಬಿಡುತ್ತೇನೆ ಎಂಬ ಯೋಚನೆ ಬಂದಿದೆ.’ ‘ಕೈಬಿಡುತ್ತೇನೆ’ ಎಂಬುದಕ್ಕೂ ‘ಕೈಬಿಡುತ್ತೇನೆ ಎಂಬ ಯೋಚನೆ’ ಎಂಬುದಕ್ಕೂ ಇರುವ ಅಂತರದಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಯೋಚಿಸಿದ್ದೇ ಮಾಡಿದಷ್ಟು ಪಾಪ, ಯೋಚಿಸಿದರೆ ನಡೆದೇ ಬಿಡುತ್ತದೆ ಎಂಬ ನಂಬಿಕೆಯೇ ಈ ನರಳಾಟದ ದೊಡ್ಡ ಬೇರು.

ಹೊರಗೆ ದಬ್ಬಬೇಡಿ

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ವೈದ್ಯರ ಕಥೆ ಗೊತ್ತಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಮಂಗನ ಬದಲು ಬಿಳಿ ಕರಡಿಯನ್ನು ಇಟ್ಟು ಇದನ್ನೇ ಪರೀಕ್ಷಿಸಿದರು. ಐದು ನಿಮಿಷ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ತಡೆದುಕೊಂಡಿದ್ದವರಿಗೇ ಕರಡಿ ಹೆಚ್ಚು ಬಂತು. ಬಾರದಿರಲಿ ಎಂದು ಕಾವಲು ಕೂರುವ ಮನಸ್ಸು, ಬಂತೇ ಎಂದು ಆಗಾಗ ಬಾಗಿಲು ತೆರೆದು ನೋಡಲೇಬೇಕಲ್ಲ. ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಚಟ್ಟೆನಿಸಿ ‘ನಿಲ್ಲು’ ಎನ್ನಿ ಎಂಬ ಹಳೆಯ ಸಲಹೆಯನ್ನು ದಯವಿಟ್ಟು ಕೈಬಿಡಿ.

ನಿಮ್ಮ ಕಂಬ ಯಾವುದು?

ಇದು ಎಲ್ಲಕ್ಕಿಂತ ಮುಖ್ಯ. ಯೋಚನೆಯ ಭಯ ತಗ್ಗಿಸಲು ನಾವು ಮಾಡುವ ಸಣ್ಣಪುಟ್ಟ ಉಪಾಯಗಳೇ ಅದಕ್ಕೆ ಅನ್ನ ಹಾಕುತ್ತವೆ. ಚಾಕುವನ್ನು ಬೀರುವಿನಲ್ಲಿ ಬಚ್ಚಿಡುವುದು, ಬೀಗವನ್ನು ಐದನೇ ಸಲ ಎಳೆದು ನೋಡುವುದು, ‘ನಾನು ಕೆಟ್ಟವಳಲ್ಲ ಅಲ್ಲವೇ?’ ಎಂದು ಗಂಡನನ್ನು ಮತ್ತೆ ಮತ್ತೆ ಕೇಳುವುದು. ಕೆಲವು ಕಣ್ಣಿಗೇ ಕಾಣುವುದಿಲ್ಲ: ಕೆಟ್ಟ ಮಾತು ಸುಳಿದಾಗ ಅದನ್ನು ಅಳಿಸಲು ಒಳ್ಳೆಯ ಮಾತನ್ನು ಎಣಿಸಿ ಹೇಳುವುದು, ‘ನಿಜವಾಗಿಯೂ ನನಗೆ ಹಾಗೆ ಅನಿಸಿತೇ?’ ಎಂದು ಗಂಟೆಗಟ್ಟಲೆ ಕೆದಕುವುದು. ಒಂದು ಕ್ಷಣ ಹಾಯೆನಿಸುತ್ತದೆ. ಆ ಹಾಯಿಯೇ ಮನಸ್ಸಿಗೆ ತಪ್ಪು ಪಾಠ ಕಲಿಸುತ್ತದೆ: ‘ಕಂಬ ಹಿಡಿದಿದ್ದರಿಂದಲೇ ಬದುಕಿದೆ.’

ಒಂದು ವಾರ ನಿಮ್ಮ ಕಂಬಗಳನ್ನು ಪಟ್ಟಿ ಮಾಡಿ. ಅತಿ ಸುಲಭದ್ದನ್ನು ಮೊದಲು ಆರಿಸಿ. ಬೀಗವನ್ನು ಐದು ಸಲ ನೋಡುವವರು ನಾಲ್ಕಕ್ಕೆ ನಿಲ್ಲಿಸಲಿ, ಇಲ್ಲವೇ ಐದನೆಯದನ್ನು ಹತ್ತು ನಿಮಿಷ ಮುಂದೂಡಲಿ. ಎದೆ ಡವಗುಟ್ಟುತ್ತದೆ. ಗುಟ್ಟಲಿ. ಆತಂಕ ಏರುತ್ತದೆ, ಏನೂ ಮಾಡದೆ ಬಿಟ್ಟರೆ ತಾನಾಗಿಯೇ ಇಳಿಯುತ್ತದೆ. ಇಳಿಯುವುದು ತಡವಾದರೂ ಅದನ್ನು ಹೊತ್ತುಕೊಂಡೇ ಕೈಯಲ್ಲಿರುವ ಕೆಲಸ ಮುಂದುವರಿಸಿ. ನಾನು ಮೊದಲ ದಿನ ಗೋಡೆಯಿಂದ ಒಂದೇ ಹೆಜ್ಜೆ ಮುಂದೆ ಬಂದೆ. ಉಳಿದವರೆಲ್ಲ ಕಾಯುವ ಜಾಗದಲ್ಲಿ, ಸುರಕ್ಷತೆಯ ಗೆರೆಯ ಹಿಂದೆ, ಕೈಕಟ್ಟಿ ನಿಲ್ಲುವಷ್ಟರಲ್ಲಿ ಮೂರು ವಾರ ಹಿಡಿಯಿತು.

ಮನೆಯವರಿಗೂ ಒಂದು ಮಾತು. ಕೇಳಿದಷ್ಟು ಸಲವೂ ಧೈರ್ಯ ಹೇಳುತ್ತಾ ಹೋಗುವುದು ಪ್ರೀತಿಯೇ ಹೌದು, ಆದರೆ ಅದೂ ಒಂದು ಕಂಬವಾಗುತ್ತದೆ. ‘ಇದು ಆ ಯೋಚನೆಯ ಪ್ರಶ್ನೆ ಅಲ್ಲವೇ? ಉತ್ತರ ಬೇಡ, ಜೊತೆಗೆ ಕೂರುತ್ತೇನೆ’ ಎನ್ನಿ.

ವೈದ್ಯರ ಬಳಿ ಯಾವಾಗ?

ಯೋಚನೆಗಳೂ ಅವುಗಳ ಬೆನ್ನಿಗೆ ಬರುವ ಉಪಾಯಗಳೂ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ಕೆಲಸ, ನಿದ್ದೆ, ಸಂಬಂಧ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿರಿ. ಅದು ಗೀಳು ಕಾಯಿಲೆ ಇರಬಹುದು, ಚಿಕಿತ್ಸೆಯೂ ಇದೆ. ಕಂಬ ಬಿಡುವ ಈ ಅಭ್ಯಾಸವನ್ನೇ ತಜ್ಞರು ಕ್ರಮವಾಗಿ, ಜೊತೆಗಿದ್ದು ಮಾಡಿಸುತ್ತಾರೆ. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ವರದಿ ಮಾಡಿದ ವಿಧಾನದಿಂದ ಬೆಳೆದುಬಂದದ್ದು ಅದು. ಅಗತ್ಯವಿದ್ದರೆ ಔಷಧವೂ ಇದೆ.

ಇನ್ನೊಂದನ್ನು ಇದರೊಂದಿಗೆ ಬೆರೆಸಬಾರದು. ಯೋಚನೆಗೆ ಹೆದರುವ ಬದಲು ಸಾಯಬೇಕೆಂದೇ ಅನಿಸುತ್ತಿದ್ದರೆ, ಹೇಗೆ, ಯಾವಾಗ ಎಂಬ ಲೆಕ್ಕ ನಡೆದಿದ್ದರೆ, ಯಾರಿಗಾದರೂ ಹಾನಿ ಮಾಡುವ ಉದ್ದೇಶವೇ ಮೂಡಿದ್ದರೆ ಅಥವಾ ಹಾಗೆ ಮಾಡು ಎಂಬ ಧ್ವನಿ ಕೇಳಿಸುತ್ತಿದ್ದರೆ, ಮೇಲಿನ ಅಭ್ಯಾಸಗಳನ್ನು ಬದಿಗಿಡಿ. ಒಬ್ಬರೇ ಇರಬೇಡಿ, ಇಂದೇ ಆಸ್ಪತ್ರೆಗೆ ಹೋಗಿ.

ಬಾಯಿಬಿಟ್ಟು ಹೇಳಲು ನಾಲಿಗೆ ಏಳದಿದ್ದರೆ ಆ ಯೋಚನೆಯನ್ನು ಒಂದು ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು ವೈದ್ಯರ ಮೇಜಿನ ಮೇಲಿಡಿ. ನಿಮ್ಮ ಪಾಲಿಗೆ ಜಗತ್ತಿನಲ್ಲೇ ಮೊದಲನೆಯದು ಎನಿಸುವ ಆ ಸಾಲನ್ನು ಅವರು ಈಗಾಗಲೇ ಬೇರೆಯವರ ಬಾಯಲ್ಲಿ ಎಷ್ಟೋ ಸಲ ಕೇಳಿರುತ್ತಾರೆ.